ನಾನು ಹಳದೀಪುರದಲ್ಲೇ ಇದ್ದೆ

ಆ ಸೋಮವಾರ ಬೆಳಿಗ್ಗೆ ನಾನು ದುಬೈಯಲ್ಲಿದ್ದೇನೆಂದು ನನ್ನ ಕಂಪ್ಯೂಟರ್ ತೀರ್ಮಾನಿಸಿತು. ನಾನು ಮಾತ್ರ ಹಳದೀಪುರದ ನಮ್ಮ ಮನೆಯ ಜಗಲಿಯಲ್ಲಿ, ಹೆದ್ದಾರಿಗೆ ಬೆನ್ನು ಹಾಕಿ, ಚಾ ಕುಡಿಯುತ್ತ ಕೂತಿದ್ದೆ.

ನನ್ನ ಕೆಲಸ ಆಸ್ಪತ್ರೆಯ ಬಿಲ್ಲುಗಳನ್ನು ಪರಿಶೀಲಿಸುವುದು. ವಿಮೆಗೆಂದು ಬಂದ ಕಡತ ತೆರೆದು, ರೋಗಕ್ಕೂ ಔಷಧಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ತಕರಾರು ಎತ್ತಬೇಕು. ತಕರಾರು ಎತ್ತುವುದರಲ್ಲಿ ನನಗೆ ಕಾಲೇಜಿನಿಂದಲೇ ತರಬೇತಿ ಇದೆ; ಚರ್ಚಾ ಸ್ಪರ್ಧೆಗಳಿಗಾಗಿ ಸುತ್ತಿದಷ್ಟು ಊರುಗಳನ್ನು ನಾನು ಮದುವೆ ಮನೆಗಳಿಗಾಗಿ ಸುತ್ತಿಲ್ಲ. ಈ ಉದ್ಯೋಗದಲ್ಲಿ ಮೀರಬಾರದ ನಿಯಮ ಒಂದೇ: ರೋಗಿಗಳ ಕಡತ ದೇಶದ ಹೊರಗೆ ತೆರೆಯಕೂಡದು. ತೆರೆದರೆ ಕೆಲಸ ಹೋಗುತ್ತದೆ. ಜೊತೆಗೆ ಹೆಸರಿನ ಮುಂದೆ ಒಂದು ಷರಾ ಬೀಳುತ್ತದೆ, ಮತ್ತೆ ಈ ಕ್ಷೇತ್ರದ ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ಹೊರದೇಶದಿಂದ ಪ್ರವೇಶಿಸಲು ಯತ್ನಿಸಿದ ಕಾರಣ ನಿಮ್ಮ ಖಾತೆಗೆ ಬೀಗ ಹಾಕಲಾಗಿದೆ.

ಕಂಪನಿಯ ಭದ್ರತಾ ವಿಭಾಗಕ್ಕೆ ಫೋನ್ ಮಾಡಿದೆ. ಎತ್ತಿದ ಅಧಿಕಾರಿಯದು ಸಮಾಧಾನದ, ಒಂದೇ ಎತ್ತರದ ದನಿ.

"ಈಗ ಎಲ್ಲಿದ್ದೀರಿ?"

"ಹಳದೀಪುರದಲ್ಲಿ, ಸರ್."

"ಅದು ಯಾವ ದೇಶ?"

"ಹೊನ್ನಾವರ ತಾಲೂಕು ಸರ್. ದೇಶ ನಿಮ್ಮದೇ."

ಅವರು ನಗಲಿಲ್ಲ. ತಿಂಗಳ ಕೊನೆಗೆ ವಿಚಾರಣೆಯ ಕರೆ ಇರುತ್ತದೆ, ಅಷ್ಟರೊಳಗೆ ನಾನು ಭಾರತದಲ್ಲಿದ್ದೇನೆ ಎಂದು ಸಾಬೀತಾಗಬೇಕು ಎಂದರು. ಅಲ್ಲಿಯವರೆಗೆ ಕೆಲಸದ ಕಂಪ್ಯೂಟರಿಗೆ ಮನೆಯ ಈ ಸಂಪರ್ಕ ಬಿಟ್ಟು ಬೇರೆ ಯಾವುದನ್ನೂ ಜೋಡಿಸಬಾರದು. ಮೊಬೈಲಿನಿಂದ ತಂದರೂ ಸಾಕ್ಷ್ಯ ಕೆಡಿಸಿದಂತೆ. ಕೆಲಸದ ಹೊತ್ತಿನಲ್ಲಿ ಪರದೆಯ ಮುಂದೆಯೇ ಇರಬೇಕು. ಹಾಜರಿಯ ಗುಂಡಿ ಆಗಾಗ ಸದ್ದು ಮಾಡಿ ಮಿನುಗುತ್ತದೆ, ಒತ್ತದಿದ್ದರೆ ಗೈರು.

ಬೀಗ ಬಿದ್ದ ಬಾಗಿಲಿನ ಎದುರು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುವುದು ನನ್ನ ಉದ್ಯೋಗವಾಯಿತು. ಬಾವಿಕಟ್ಟೆಗೆ ಹೋದರೂ ಕಿವಿ ಒಳಗೆ. ಅಮ್ಮ ಕುಮಟಾದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, "ಎಂತ ಆತೆ? ಬಿಟ್ರಾ ನಿನ್ನ?" ಜೈಲಿನ ಮಾತಾಡಿದಂತೆಯೇ.

ಮೊದಲ ಸಾಕ್ಷ್ಯವಾಗಿ ಅಧಿಕಾರಿ ವಿಡಿಯೊ ಕರೆ ಮಾಡಿಸಿದರು. ಕಿಟಕಿ ತೋರಿಸಿದೆ, ತೆಂಗಿನ ಮರ ತೋರಿಸಿದೆ.

"ತೆಂಗಿನ ಮರ ಎಲ್ಲಾ ಕಡೆ ಇರ್ತದೆ. ನಿಮ್ಮ ಹಿಂದಿನ ಗೋಡೆ ಗಡಿಯಾರ ತೋರಿಸಿ... ಅದು ಭಾರತದ ಸಮಯ ಅಲ್ಲವಲ್ಲ?"

ಅಮ್ಮ ಆ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಇಟ್ಟಿದ್ದಾಳೆ. ಕುಮಟಾದ ಬಸ್ಸು ತಪ್ಪಬಾರದು ಅಂತ. ಮುಂದಿದೆ ಎಂದು ಅವಳಿಗೂ ಗೊತ್ತು, ಆದರೂ ಅದನ್ನು ನೋಡಿದೊಡನೆ ಓಡುತ್ತಾಳೆ. ಇದನ್ನೆಲ್ಲ ವಿವರಿಸುವ ಬದಲು ನಾನು ವಾದಕ್ಕಿಳಿದೆ.

"ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಸರ್. ಈ ಗಡಿಯಾರ ಹದಿನೈದು ನಿಮಿಷ ಮುಂದೆ. ಭಾರತಕ್ಕಿಂತ ಹದಿನೈದು ನಿಮಿಷ ಮುಂದಿರುವ ದೇಶ ಯಾವುದಿದೆ, ನೀವೇ ಹೇಳಿ."

ಕೀಲಿಮಣೆಯ ಸದ್ದು ಕೇಳಿಸಿತು.

"ನೇಪಾಳ," ಎಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕಡತಕ್ಕೆ 'ಗಡಿಯಾರದಲ್ಲಿ ವ್ಯತ್ಯಾಸ' ಎಂಬ ಸಾಲು ಸೇರಿತು.

ಆಮೇಲೆ ಗಂಭೀರವಾಗಿ ಕೂತೆ. ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ನನ್ನ ಅಂತರ್ಜಾಲ ವಿಳಾಸ ಹುಡುಕಿದೆ. ಪ್ರತಿ ಸಂಪರ್ಕಕ್ಕೂ ಹೊರಜಗತ್ತಿಗೆ ಕಾಣುವ ಒಂದು ಅಂಕಿಯ ವಿಳಾಸ ಇರುತ್ತದೆ. ಅದರಲ್ಲಿ ಊರಿನ ಹೆಸರು ಇರುವುದಿಲ್ಲ. ಯಾವ ಅಂಕಿ ಯಾವ ದೇಶದ್ದು ಎಂದು ಊಹಿಸಿ ಪಟ್ಟಿ ಮಾಡಿ ಮಾರುವ ಕಂಪನಿಗಳಿವೆ. ಅಂಥ ಮೂರು ಪಟ್ಟಿಗಳಲ್ಲಿ ನೋಡಿದೆ. ಎರಡರಲ್ಲಿ ನಾನು ಭಾರತದಲ್ಲಿದ್ದೆ, ಮೂರನೆಯದರಲ್ಲಿ ದುಬೈಯಲ್ಲಿ. ನಮ್ಮ ಕಂಪನಿ ನಂಬುತ್ತಿದ್ದುದು ಮೂರನೆಯದನ್ನು.

ದಾರಿ ಅಳೆಯುವ ಪರೀಕ್ಷೆ ಮಾಡಿದೆ. ಮನೆಯಿಂದ ಹೊರಟ ಸಂದೇಶ ಮೊದಲು ನಮ್ಮ ಕೇಬಲ್ ಆಪರೇಟರನ ಯಂತ್ರಕ್ಕೆ, ಅಲ್ಲಿಂದ ಮಂಗಳೂರು, ಅಲ್ಲಿಂದ ಬೆಂಗಳೂರು. ಬೆಂಗಳೂರಿನ ಸರ್ವರ್ ಹತ್ತು ಮಿಲಿಸೆಕೆಂಡಿನೊಳಗೆ ಉತ್ತರ ಕೊಡುತ್ತಿತ್ತು. ದುಬೈಯಿಂದ ಬೆಳಕು ಕೂಡ ಅಷ್ಟು ಬೇಗ ಬಂದು ಮರಳಲಾರದು. ಇದಕ್ಕಿಂತ ಗಟ್ಟಿ ಸಾಕ್ಷ್ಯ ಎಲ್ಲಿದೆ ಎಂದು ಹೆಮ್ಮೆಯಿಂದ ಭದ್ರತಾ ವಿಭಾಗಕ್ಕೆ ಬರೆದು ಕಳಿಸಿದೆ.

"ಬೆಳಕಿನ ವೇಗ ನಮ್ಮ ಪಾಲಿಸಿಯಲ್ಲಿಲ್ಲ," ಎಂದು ಉತ್ತರ ಬಂತು.

ತಮಾಷೆ ಮಾಡಿದರೋ ನಿಜ ಹೇಳಿದರೋ ಇಂದಿಗೂ ಗೊತ್ತಿಲ್ಲ.

ನನ್ನ ಸಿದ್ಧಾಂತ ಹೀಗಿತ್ತು: ಆಪರೇಟರ್ ಹಿಂದೆ ದುಬೈಯಲ್ಲಿ ಬಳಕೆಯಲ್ಲಿದ್ದ ವಿಳಾಸಗಳನ್ನು ಯಾವುದೋ ದಲ್ಲಾಳಿಯಿಂದ ತಂದಿದ್ದಾನೆ, ಪಟ್ಟಿಯಲ್ಲಿ ಹಳೇ ದೇಶವೇ ಉಳಿದಿದೆ. ಅವನ ಮುಖ್ಯ ಕಚೇರಿ ಭಟ್ಕಳದಲ್ಲಿ. ಅಲ್ಲಿಂದ ಕುಮಟಾದವರೆಗೆ ಅವನ ತಂತಿ ಓಡುತ್ತದೆ. ಫೋನಿನಲ್ಲಿ ಪಾಟೀಸವಾಲು ಹಾಕಿದೆ.

"ಹೊಸ ವಿಳಾಸ ತಗೊಂಡಿದ್ದೀರಾ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ."

"ಇಲ್ಲ. ಆದ್ರೆ ತಂಗಿ, ಮೊನ್ನೆ ಎಂತ ಆತು ಅಂದ್ರೆ..."

"ಇಲ್ಲ ಅಂದ್ರಲ್ಲ, ಸಾಕು. ಇರುವ ವಿಳಾಸ ದಲ್ಲಾಳಿಯಿಂದ ಬಂದದ್ದಾ?"

"ಹೌದು, ಅದು ಶುರುವಿಗೇ..."

"ಸಿಕ್ತು!" ಎಂದು ಇಟ್ಟೆ.

ಮೂರನೆಯ ಪಟ್ಟಿಯ ಕಂಪನಿಗೆ ತಿದ್ದುಪಡಿಯ ಅರ್ಜಿ ಬರೆದೆ. ವಿಳಾಸದ ಹಿಂದಿನ ಒಡೆತನ, ದಾರಿಯ ಪರೀಕ್ಷೆ, ಉಳಿದ ಎರಡು ಪಟ್ಟಿಗಳ ಮಾತು, ಎಲ್ಲ ಜೋಡಿಸಿದೆ. ಕೆಲವು ದಿನಗಳಲ್ಲಿ ಅವರು ಒಪ್ಪಿಕೊಂಡರು. ನನ್ನ ವಿಳಾಸ ಭಾರತಕ್ಕೆ ಬಂತು. ಅಮ್ಮ ಪಾಯಸ ಮಾಡಿದಳು. "ಬಿಟ್ರು" ಎಂದು ಅಂಗಡಿಯಲ್ಲೆಲ್ಲ ಹೇಳಿದಳಂತೆ.

ಬೀಗ ತೆಗೆಯುವ ಮೊದಲು ಒಂದು ವಾರ ನೋಡುತ್ತೇವೆ ಎಂದು ಅಧಿಕಾರಿ ಹೇಳಿದ್ದರು. ವಾರ ತುಂಬುವ ಮೊದಲೇ ನಾನು ಮತ್ತೆ ದುಬೈಗೆ ಹೋಗಿದ್ದೆ.

ಮತ್ತೆ ಅರ್ಜಿ ಹಾಕಿದೆ, ಮತ್ತೆ ಭಾರತಕ್ಕೆ ಬಂದೆ, ಮತ್ತೆ ದುಬೈ. ವಾದದಲ್ಲಿ ಗೆದ್ದು, ಎದುರಾಳಿ ಒಪ್ಪಿ, ತೀರ್ಪೂ ನನ್ನ ಕಡೆಗೇ ಬಂದು, ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲ ಮೊದಲಿನಂತೆ. ಆ ದಿನಗಳಲ್ಲಿ ನಮ್ಮ ಜಗಲಿ ನನಗೆ ನಿಜವಾಗಿಯೂ ಚಿಕ್ಕದಾಯಿತು. ಹೆದ್ದಾರಿಯಲ್ಲಿ ಬಸ್ಸುಗಳು ಹೊನ್ನಾವರಕ್ಕೆ, ಕುಮಟಾಕ್ಕೆ ಹೋಗುತ್ತಿದ್ದವು. ಅವುಗಳಲ್ಲಿ ಕೂತ ಯಾರನ್ನೂ ನೀನು ಎಲ್ಲಿದ್ದೀ, ತೋರಿಸು ಎಂದು ಯಾರೂ ಕೇಳುತ್ತಿರಲಿಲ್ಲ. ಗುಂಡಿ ಮಿನುಗಿತು, ಒತ್ತಿದೆ.

ಮೂರನೆಯ ಅರ್ಜಿಯಲ್ಲಿ ನಾನು ವಾದ ಮಾಡಲಿಲ್ಲ. ನಿಮ್ಮ ಪಟ್ಟಿ ಯಾವ ಆಧಾರದ ಮೇಲೆ ಪ್ರತಿಸಲ ನನ್ನನ್ನು ಅಲ್ಲಿಗೆ ಒಯ್ಯುತ್ತಿದೆ ಎಂದಷ್ಟೇ ಕೇಳಿದೆ. ಮೊದಲ ಸಲ ಮನುಷ್ಯರೊಬ್ಬರು ಉತ್ತರಿಸಿದರು. ಈ ವಿಳಾಸದ ಹಿಂದೆ ಒಂದಲ್ಲ, ನೂರಾರು ಫೋನುಗಳಿವೆ. ಅವುಗಳಲ್ಲಿ ಬಹುಪಾಲು ದುಬೈಯ ಸಮಯ ತೋರಿಸುತ್ತವೆ, ಖಾತೆಗಳೂ ಆ ದೇಶದವು. ನಾವು ಕೈಯಿಂದ ತಿದ್ದಿದರೂ ಹೊಸ ಲೆಕ್ಕ ಬಂದಾಗ ಅದೇ ಮೇಲಾಗುತ್ತದೆ.

ನೂರಾರು ಫೋನುಗಳು? ನಮ್ಮ ಮನೆಯಲ್ಲಿರುವುದು ಎರಡು.

ಭಾನುವಾರ ಹಾಜರಿಯ ಗುಂಡಿಗೂ ರಜೆ. ಬೆಳಿಗ್ಗೆಯೇ ಹೊರಟೆ. "ಅಲ್ಲಿ ಹೋಗಿ ಜಗಳಾಡ್ಬೇಡ," ಎಂದಳು ಅಮ್ಮ, "ಅವ ಕನೆಕ್ಷನ್ ತೆಗದ್ರೆ ಇದ್ದದ್ದೂ ಹೋಗ್ತದೆ." ಹೊನ್ನಾವರದಲ್ಲಿ ಬಸ್ಸು ಬದಲಿಸಿ, ಶರಾವತಿ ದಾಟಿ ಭಟ್ಕಳಕ್ಕೆ ಇಳಿದಾಗ ಮಳೆ ಒಂದು ಜೋರು ಹೊಯ್ದು ನಿಂತಿತ್ತು.

ಆಪರೇಟರನ ಕಚೇರಿ ಒಂದು ಮನೆಯ ಕೆಳಗಿನ ಕೋಣೆ. ಗೋಡೆ ತುಂಬ ಹಳದಿ ತಂತಿಗಳು, ಮಧ್ಯೆ ಗುಂಯ್‌ಗುಡುವ ಯಂತ್ರಗಳು. ಅವನು ನಲವತ್ತರ ಆಸುಪಾಸಿನ ಮನುಷ್ಯ. ಒಂದು ಕಿವಿಗೆ ಕೊಂಕಣಿ, ಇನ್ನೊಂದು ಕಿವಿಗೆ ಭಟ್ಕಳದ ಮುಸ್ಲಿಮರ ನವಾಯತಿ ಮಾತಿನ ಫೋನು ಹಚ್ಚಿಕೊಂಡು ಮಧ್ಯದಲ್ಲಿ ನನ್ನೊಡನೆ ಕನ್ನಡ ಆಡಿದ.

"ಓ, ಹೌದು ಅಥವಾ ಇಲ್ಲ ಮೇಡಂ! ಬನ್ನಿ ಬನ್ನಿ. ಇವತ್ತಾದ್ರೂ ನಂಗೆ ಒಂದು ವಾಕ್ಯ ಮುಗ್ಸೂಕೆ ಬಿಡ್ತೀರಾ?"

ಬಿಟ್ಟೆ. ಮಳೆಗಾಲದ ಮೊದಲ ಗುಡುಗು ಸಿಡಿಲಿಗೆ ಹೊನ್ನಾವರದ ಯಂತ್ರ ಸುಟ್ಟುಹೋಗಿತ್ತು. ಅಲ್ಲಿಯವರೆಗೆ ಹಳದೀಪುರದ ಮನೆಗಳು ಹೊನ್ನಾವರದ ವಿಳಾಸದಲ್ಲಿದ್ದವು. ಆ ದಿನ ಅವನು ಆ ಮನೆಗಳನ್ನೆಲ್ಲ ಭಟ್ಕಳದ ಯಂತ್ರಕ್ಕೆ ಸೇರಿಸಿದ. ತಾತ್ಕಾಲಿಕ ಎಂದುಕೊಂಡಿದ್ದ; ಹಾಗೇ ಉಳಿದಿತ್ತು. ಸಣ್ಣ ಆಪರೇಟರುಗಳ ಬಳಿ ವಿಳಾಸ ಕಮ್ಮಿ. ನೂರಾರು ಮನೆಗಳು ಒಂದೇ ವಿಳಾಸದ ಹಿಂದೆ ಕೂರುತ್ತವೆ, ಒಂದೇ ಹೆಬ್ಬಾಗಿಲಿನ ವಠಾರದ ಹಾಗೆ. ಹೊರಗಿನವರಿಗೆ ಕಾಣುವುದು ಹೆಬ್ಬಾಗಿಲು ಮಾತ್ರ.

"ಅದೇ ಹೇಳೂಕೆ ಹೊರಟಿದ್ದೆ ಆವತ್ತು. ನೀವು ಸಿಕ್ತು ಅಂತ ಇಟ್ಬಿಟ್ರಿ."

ಅಷ್ಟರಲ್ಲಿ ಮಹಡಿಯಿಂದ ಒಬ್ಬ ಹೆಂಗಸು ಇಳಿದು ಬಂದರು. ಮನೆಯ ಒಡತಿ, ಮದುವೆಗಳಿಗೆ ಬಿರಿಯಾನಿ ಮಾಡಿಕೊಡುವವರು. ಕೈಯಲ್ಲಿ ಸೌಟು, ಹಿಂದೆ ಮಸಾಲೆಯ ವಾಸನೆ.

"ನೆಟ್ ಯಾಕೆ ನಿಧಾನ ಇದು? ಅವರು ಊಟಕ್ಕೆ ಬಿಟ್ಟ ಕೂಡ್ಲೆ ವಿಡಿಯೊ ಹಾಕ್ತಾರೆ, ಮುಖ ನಿಂತೇ ಹೋಗ್ತದೆ."

"ಆಪಾ, ನಿಮ್ಮ ಫೋನ್ ಸ್ವಲ್ಪ ತೋರಿಸಿ ಇವ್ರಿಗೆ," ಎಂದ ಆಪರೇಟರ್. ಅಲ್ಲಿ ಅಕ್ಕನನ್ನು ಆಪಾ ಎನ್ನುತ್ತಾರೆ.

ಫೋನಿನಲ್ಲಿ ಹನ್ನೊಂದೂವರೆ. ಅವರ ತಲೆಯ ಮೇಲಿನ ಗೋಡೆ ಗಡಿಯಾರದಲ್ಲಿ ಒಂದು ಗಂಟೆ.

"ಇದು ತಪ್ಪು ಟೈಮಲ್ವಾ?" ಎಂದೆ.

"ಎಂತ ತಪ್ಪು ಬೇಟಾ? ಗೋಡೆದು ನಮಾಜಿನ ಟೈಮು, ಫೋನಿಂದು ಗಂಡನ ಟೈಮು. ಅವರು ಡ್ಯೂಟಿಗೆ ಹೋದ್ರಾ, ಮಲಗಿದ್ರಾ, ಫೋನ್ ನೋಡಿದ್ರೆ ಗೊತ್ತಾತು. ದಿನಾ ಒಂದೂವರೆ ಗಂಟೆ ಕಳೆಯುದು ಯಾರು? ಮೊದಲು ಒಂದ್ಸಲ ತಪ್ಪಿ ಫೋನ್ ಮಾಡಿ, ನಿದ್ದೆಗಣ್ಣಲ್ಲಿ ಬೈಸ್ಕೊಂಡೆ."

ಫೋನು ದುಬೈಯಲ್ಲಿರುವ ಗಂಡ ಕಳಿಸಿದ್ದು, ಅದರ ಖಾತೆಯೂ ಅವರದೇ. ಮಕ್ಕಳ ಫೋನುಗಳೂ ಹಾಗೆ, ನಾದಿನಿಯದೂ ಹಾಗೆ. ಬೀದಿಯಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ ಅಂತೆ. ಪಟ್ಟಿಯ ಕಂಪನಿಯ ಯಂತ್ರ ಹೆಬ್ಬಾಗಿಲಲ್ಲಿ ನಿಂತು ಒಳಗಿನ ಗಡಿಯಾರಗಳನ್ನು ಎಣಿಸಿ, ಇದು ದುಬೈ ಎಂದು ತೀರ್ಮಾನಿಸಿತ್ತು. ಹಳದೀಪುರದ ನಾವು ಕೆಲವೇ ಮನೆಯವರು ಆ ಎಣಿಕೆಯಲ್ಲಿ ಸೋತಿದ್ದೆವು.

"ಗ್ರೂಪಲ್ಲಿ ಒಂದು ಮೆಸೇಜ್ ಹಾಕುವಾ," ಎಂದ ಆಪರೇಟರ್. "ಎಲ್ರೂ ಫೋನ್ ಟೈಮ್ ಇಲ್ಲಿದ್ದು ಮಾಡಿ ಅಂತ."

ನಾನು ಉತ್ಸಾಹದಿಂದ ತಲೆಯಾಡಿಸುವುದರೊಳಗೆ ಆಪಾ ಸೌಟು ಎತ್ತಿದರು.

"ಯಾರದ್ದೋ ಕಂಪ್ಯೂಟರಿಗೆ ಬುದ್ಧಿ ಇಲ್ಲ ಅಂತ ನಾನು ನನ್ನ ಗಂಡನ ಟೈಮ್ ಬಿಡ್ಬೇಕಾ?" ಮತ್ತೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ಗಡಿಯಾರ ಸರಿ ಉಂಟಾ?"

ಅಮ್ಮನ ಗಡಿಯಾರ ಕಣ್ಣ ಮುಂದೆ ಬಂತು. ಇಲ್ಲ ಎಂದೆ.

"ಮತ್ತೆ?" ಎಂದವರು ನನ್ನನ್ನು ಊಟಕ್ಕೆ ಕೂರಿಸಿದರು. ನಾನು ಮೀನು ಮಾತ್ರ ತಿನ್ನುವುದೆಂದಾಗ, ಮೀನೇ ಎಂದು ತಟ್ಟೆ ತುಂಬಿಸಿದರು.

ಊಟವಾದ ಮೇಲೆ ಆಪರೇಟರನಿಗೆ ಕೇಳಿದೆ: ಹೊನ್ನಾವರದ ಯಂತ್ರ ಎಂದಿಗೆ? ಬಿಡಿಭಾಗ ಇನ್ನೂ ಬಂದಿಲ್ಲ ಎಂದ. ಒಂದು ಹೆಚ್ಚಿನ ಯಂತ್ರ ಕುಮಟಾದಲ್ಲಿದೆ. ಮಳೆಗಾಲದಲ್ಲಿ ಅಲ್ಲಿನದು ಸುಟ್ಟರೆ ಬೇಕೆಂದು ಇಟ್ಟದ್ದು. "ಅದನ್ನ ತೆಗೆದು ಕುಮಟಾದ ಲೈನ್ ಹೋತು ಅಂದ್ರೆ ನನ್ನ ಸುಲಿದು ಹಾಕ್ತಾರೆ. ಅದು ಕೇಳ್ಬೇಡಿ."

ವಿಚಾರಣೆಯ ಕರೆ ಆ ವಾರವೇ ಇತ್ತು. ಕಂಡುಕೊಂಡದ್ದನ್ನೆಲ್ಲ ಕ್ರಮವಾಗಿ ಹೇಳಿದೆ: ಗುಡುಗು, ಹಂಚಿಕೊಂಡ ವಿಳಾಸ, ಫೋನುಗಳ ಸಮಯ. ಪಟ್ಟಿಯ ಕಂಪನಿಯ ಪತ್ರ ಓದಿದೆ. ಗುಡುಗಿಗೆ ಮೊದಲು ಒಂದು ದಿನವೂ ನನಗೆ ಈ ತೊಂದರೆ ಬಂದಿರಲಿಲ್ಲ ಎಂದೆ. ಅಧಿಕಾರಿ ಮೊದಲ ಸಲ ನನ್ನ ಮಾತನ್ನು ತಡೆಯದೆ ಕೇಳಿದರು.

"ಅರ್ಥ ಆಯ್ತು. ತಾಂತ್ರಿಕವಾಗಿ ಸರಿ ಕಾಣ್ತದೆ. ಅಂದ್ರೆ ಈ ವಿಳಾಸ ಎಲ್ಲಿಯದು?"

"ಭಟ್ಕಳದ್ದು."

ಅವರು ಊರಿನ ಹೆಸರನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಆ ಹೆಸರಿಗೆ ಅಂಟಿದ ಸಂಶಯ ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದದ್ದೇ.

"ಹಾಗಾದ್ರೆ ಒಂದು ಕೆಲಸ ಮಾಡಿ. ನಿಮ್ಮ ಆಪರೇಟರಿಂದ ಪತ್ರ ತನ್ನಿ. ಅದೇ ವಿಳಾಸದಲ್ಲಿ ಹೊರದೇಶದ ಖಾತೆ ಇಟ್ಕೊಂಡವರ ಹೆಸರು, ಫೋನ್ ನಂಬರ್. ನಾವು ವೆರಿಫೈ ಮಾಡಿ ಇವತ್ತೇ ಬೀಗ ತೆಗೀತೇವೆ."

ಬೀಗ, ಇವತ್ತೇ. ಹೊರಗೆ ಅಮ್ಮ ಬಸ್ಸಿಗೆ ಹೊರಟವಳು ಹೊಸ್ತಿಲಲ್ಲೇ ನಿಂತಿದ್ದಳು.

"ಇದೇ ವಿಳಾಸ ಕುಮಟಾದ್ದಾಗಿದ್ರೂ ಹೆಸರು ಕೇಳ್ತಿದ್ರಾ ಸರ್?"

"ಅದು ಊಹೆಯ ಪ್ರಶ್ನೆ."

"ಆಯ್ತು, ವಾಸ್ತವಕ್ಕೆ ಬರ್ತೇನೆ. ನಾನು ಹಳದೀಪುರದಲ್ಲಿದ್ದೇನೆ ಅನ್ನೋದನ್ನ ಸಾಬೀತು ಮಾಡೋದು ನನ್ನ ಹೊಣೆ. ಆ ಮನೆಯವರು ಏನನ್ನೂ ಸಾಬೀತು ಮಾಡ್ಬೇಕಾಗಿಲ್ಲ. ಅವರು ನಿಮ್ಮ ನೌಕರರಲ್ಲ, ನಿಮ್ಮ ಕಡತ ತೆರೆದವರಲ್ಲ. ಹೆಸರು ಕೊಡೋದಿಲ್ಲ."

"ಸಹಕರಿಸಿಲ್ಲ ಅಂತ ಬರೀಬೇಕಾಗ್ತದೆ."

"ಬರೀರಿ. ಹೆಸರು ಕೇಳಿದ್ರು, ಕೊಡ್ಲಿಲ್ಲ ಅಂತ ಪೂರ್ತಿ ಬರೀರಿ."

ಅವರು ಇನ್ನೊಂದು ವಾರ ಕೊಟ್ಟರು. ಅಷ್ಟರೊಳಗೆ ನನ್ನ ಸಂಪರ್ಕ ಆ ಪಟ್ಟಿಯಲ್ಲಿ ಭಾರತದ್ದಾಗಿ ನಿಲ್ಲಬೇಕು, ಇಲ್ಲವೆಂದರೆ ಷರಾ.

ಕರೆ ಮುಗಿದ ಮೇಲೆ ಅಮ್ಮ ಒಳಗೆ ಬಂದಳು. "ಬಸ್ಸು ಹೋತು," ಎಂದಳು. "ಮುಂದಿಂದಕ್ಕೆ ಹೋಗ್ತೆ. ನೀ ಹೇಳಿದ್ದು ಸರಿ ಆತು. ಆದ್ರೆ ಮುಂದೆ ಎಂತ ಮಾಡುದೆ?"

ಆಪರೇಟರನಿಗೆ ಫೋನ್ ಮಾಡಿ, ಪತ್ರ ಕೇಳಿದ್ದು, ಬೇಡ ಎಂದದ್ದು ಎರಡನ್ನೂ ಹೇಳಿದೆ. ಬೇರೆ ಯಾರಾದರೂ ಅವನನ್ನೇ ನೇರವಾಗಿ ಕೇಳಿದರೆ ಎಚ್ಚರವಿರಲಿ ಎಂದು ಹೇಳುವುದಷ್ಟೇ ನನ್ನ ಉದ್ದೇಶವಾಗಿತ್ತು.

"ಆಪಾನ ಹೆಸರೂ ಬರೂದಿತ್ತಲ್ಲ ಅದ್ರಲ್ಲಿ," ಎಂದ.

"ಹೌದು."

"ಆತು. ಇಡಿ."

ಮರುದಿನ ಮಧ್ಯಾಹ್ನ ಮಳೆಯಲ್ಲಿ ಅವನ ಜೀಪು ನಮ್ಮ ಮನೆಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ತಾಡಪತ್ರಿ ಸುತ್ತಿದ ಪೆಟ್ಟಿಗೆ, ಕುಮಟಾದ ಯಂತ್ರ. ಹೊನ್ನಾವರಕ್ಕೆ ಒಯ್ಯುವ ದಾರಿ. "ಕುಮಟಾದಲ್ಲಿ ಗುಡುಗಿದ್ರೆ ನಿಮ್ಮಮ್ಮನ ಅಂಗಡಿಯವ್ರಿಗೆ ನೀವೇ ಉತ್ತರ ಹೇಳಿ. ನಾನು ಓಂ ಬೀಚಲ್ಲಿ ಅಡಗಿ ಕೂರ್ತೆ."

ಸಂಜೆಯೊಳಗೆ ಹಳದೀಪುರದ ಮನೆಗಳು ಹೊನ್ನಾವರದ ಹಳೇ ವಿಳಾಸಕ್ಕೆ ಮರಳಿದವು. ಮೂರನೆಯ ಪಟ್ಟಿ ತೆರೆದೆ: ಭಾರತ. ಆದರೆ ನನ್ನ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ವಿಳಾಸಗಳ ಒಡೆಯನೇ ಯಾವ ವಿಳಾಸ ಯಾವ ಊರಿನದೆಂದು ಬರೆದು ಪ್ರಕಟಿಸುವ ಪದ್ಧತಿಯಿದೆ. ಪಟ್ಟಿ ಮಾಡುವವರು ಅದಕ್ಕೆ ಬೆಲೆ ಕೊಡುತ್ತಾರೆ. ಆಪರೇಟರ್ ಇಷ್ಟು ವರ್ಷ ಅದನ್ನು ಮಾಡಿರಲಿಲ್ಲ. ಕೇಳಿದರೆ, "ಭಟ್ಕಳ ಎಲ್ಲಿದೆ ಅಂತ ಜನಕ್ಕೆ ನಾನು ಹೇಳ್ಬೇಕಾ?" ಎಂದ. ಹೇಳಬೇಕು ಎಂದೆ. ಜಗಲಿಯಲ್ಲಿ ಕೂತು, ಗುಂಡಿ ಒತ್ತುವ ನಡುವೆ, ಅವನ ಪರವಾಗಿ ಆ ಕಡತ ಬರೆದೆ. ಮೊದಲ ಸಾಲು: ಭಾರತ, ಕರ್ನಾಟಕ, ಭಟ್ಕಳ. ಆಮೇಲೆ ಹೊನ್ನಾವರ, ಕುಮಟಾ. ಭಟ್ಕಳದ ಸಾಲನ್ನು ಪಟ್ಟಿಯವರು ಎಷ್ಟು ದಿನ ನಂಬುತ್ತಾರೋ ಗೊತ್ತಿಲ್ಲ. ಆಪಾನ ಫೋನಂತೂ ಒಂದೂವರೆ ಗಂಟೆ ಹಿಂದೆಯೇ ಇದೆ.

ವಾರ ಕಳೆಯಿತು. ಪುಣ್ಯಕ್ಕೆ ಕುಮಟಾದಲ್ಲಿ ಗುಡುಗಲಿಲ್ಲ. ಷರಾ ಬೀಳಲಿಲ್ಲ, ಬೀಗ ತೆರೆಯಿತು. ಆದರೆ 'ಸಹಕರಿಸಿಲ್ಲ' ಎಂಬ ಸಾಲು ಹಾಗೇ ಉಳಿದಿದೆ. ಅದರ ಫಲವಾಗಿ ಪ್ರತಿ ಬೆಳಿಗ್ಗೆ ಕಡತ ತೆರೆಯುವ ಮೊದಲು ನಾನು ಕ್ಯಾಮೆರಾದ ಮುಂದೆ ಕೂತು, ನನ್ನನ್ನೂ ಕೋಣೆಯನ್ನೂ ತೋರಿಸಬೇಕು. ಎಲ್ಲಿಯವರೆಗೆ ಎಂದು ಅವರು ಹೇಳಿಲ್ಲ.

ಮೊದಲ ದಿನ ಕರೆಗೆ ಅಧಿಕಾರಿಯೇ ಬಂದರು. ಕಿಟಕಿ ನೋಡಿದರು, ತೆಂಗಿನ ಮರ ನೋಡಿದರು, ಆಮೇಲೆ ಅವರ ಕಣ್ಣು ನನ್ನ ತಲೆಯ ಮೇಲೆ ಹೋಯಿತು.

"ಗಡಿಯಾರ ಇನ್ನೂ ನೇಪಾಳದಲ್ಲೇ ಇದೆಯಲ್ಲ? ಅದನ್ನ ಸರಿ ಮಾಡಿಬಿಡಿ. ನಿಮಗೇ ಒಳ್ಳೇದು."

ಸ್ಟೂಲು ಹತ್ತಿ ಮುಳ್ಳು ಹಿಂದೆ ತಿರುಗಿಸಿದರೆ ಮುಗಿಯುತ್ತಿತ್ತು. ಅಮ್ಮ ಡಬ್ಬಿ ಚೀಲಕ್ಕೆ ಹಾಕಿ, ತಲೆ ಎತ್ತಿ ಗಡಿಯಾರ ನೋಡಿ, "ಅಯ್ಯೋ, ಹೊತ್ತಾತು!" ಎಂದು ಚಪ್ಪಲಿ ಮೆಟ್ಟಿ ಓಡಿದಳು. ಹೆದ್ದಾರಿಯಲ್ಲಿ ಬಸ್ಸು ಬ್ರೇಕು ಹಾಕಿದ ಸದ್ದು ಕೇಳಿಸಿತು, ಹೊರಟ ಸದ್ದೂ ಕೇಳಿಸಿತು.

"ಅದು ಸರಿಯಾಗೇ ಇದೆ ಸರ್," ಎಂದೆ. "ಅಮ್ಮನಿಗೆ ಬಸ್ಸು ಸಿಕ್ತು."